ಸಾಮ್ರಾಜ್ಯ ಮತ್ತು ಸಾಮ್ರಾಜ್ಯಶಾಹಿ: ಆಲೂರ ವೆಂಕಟರಾಯರನ್ನು ತರಗತಿಗೆ ತಂದಾಗ

ಪೀಠಿಕೆ

ನಾನು ಬಿ.ಎಸ್ಸಿ., ಬಿ.ಇಡಿ. ವಿದ್ಯಾರ್ಥಿನಿ. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಹೀಗಿರುವಾಗ ಇತಿಹಾಸದ ಬಗ್ಗೆ ಲೇಖನ ಬರೆಯುವ ಪ್ರಸಂಗ ಹೇಗೆ ಬಂತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಅರಕೇರಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಇದ್ದಾಗ ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಹತ್ತನೇ ತರಗತಿಯ ಎರಡು ಅವಧಿಗಳು ನನ್ನ ಪಾಲಿಗೆ ಬಂದವು. ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದಲ್ಲಿ ನಡೆದ ಪ್ರತಿರೋಧದ ಪಾಠ. ಪೀಠಿಕೆಯಾಗಿ ಹಿಂದಿನ ತರಗತಿಗಳಲ್ಲಿ ಓದಿದ್ದನ್ನು ಕೇಳಿದೆ. ಪುಲಿಕೇಶಿ ಯಾರು, ಕೃಷ್ಣದೇವರಾಯ ಏನು ಮಾಡಿದ ಎಂದೆಲ್ಲ ಕೇಳಿದಾಗ ಮಕ್ಕಳು ಹುರುಪಿನಿಂದ ಉತ್ತರಿಸಿದರು. ಆಮೇಲೆ ಕಪ್ಪುಹಲಗೆಯ ಮೇಲೆ ‘ಸಾಮ್ರಾಜ್ಯಶಾಹಿ’ ಎಂದು ಬರೆದು, ಬೇರೆಯವರ ನಾಡನ್ನು ಗೆದ್ದು ಆಳುವುದು, ಅದು ಅನ್ಯಾಯ ಎಂದು ವಿವರಿಸಿದೆ. ಎರಡನೇ ಬೆಂಚಿನ ಹುಡುಗ ಎದ್ದು ನಿಂತ.

“ಟೀಚರ್, ನಮ್ಮ ರಾಜರು ಗೆದ್ರ ವೈಭವ, ಇಂಗ್ಲಿಷರು ಗೆದ್ರ ಅನ್ಯಾಯ. ಅದ್ಯಾಂಗ್ರಿ?”

ಸಿದ್ಧತೆ ಇಲ್ಲದ ನಾನು ಬಾಯಿಗೆ ಬಂದದ್ದನ್ನು ಹೇಳಿದೆ: “ಅವರು ಹೊರಗಿನವರು, ಇವರು ನಮ್ಮವರು.” ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಪ್ರಶ್ನೆ ಬಂತು. “ಹಂಗಾದ್ರ ಆದಿಲ್‌ಶಾಹಿ ಮಂದಿ ಒಳಗಿನವರೋ ಹೊರಗಿನವರೋ ಟೀಚರ್?” ಕೇಳಿದವನು ಕುಚೋದ್ಯಕ್ಕೆ ಕೇಳಿರಲಿಲ್ಲ. ಆದರೆ ತರಗತಿಯ ಹಲವು ಕಣ್ಣುಗಳು ಕಿಟಕಿಯ ಬದಿಗೆ ಕುಳಿತಿದ್ದ ಮೂವರು ಮಕ್ಕಳ ಕಡೆಗೆ ತಿರುಗಿದವು. ಆ ಮೂವರೂ ತಲೆ ತಗ್ಗಿಸಿ ಪುಸ್ತಕ ನೋಡತೊಡಗಿದರು. ಗಂಟೆ ಹೊಡೆಯಿತು, ನಾನು ಪಾರಾದೆ. ಪಾಠ ವೀಕ್ಷಿಸುತ್ತಿದ್ದ ನನ್ನ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದಳು: ‘ಪ್ರಶ್ನೆಗೆ ಉತ್ತರ ಬಾಕಿ ಇದೆ.’

ಆ ಬಾಕಿ ತೀರಿಸಲು ಹೊರಟಾಗ ಸಿಕ್ಕವರು ಆಲೂರ ವೆಂಕಟರಾಯರು. ಸಾಮ್ರಾಜ್ಯಶಾಹಿಯ ಕಾಲದಲ್ಲಿ ಹುಟ್ಟಿ, ಸಾಮ್ರಾಜ್ಯಶಾಹಿಗೆ ಉತ್ತರವಾಗಿ ಇತಿಹಾಸ ಬರೆದವರು. ಹುಟ್ಟಿದ್ದು ನಮ್ಮ ವಿಜಯಪುರದಲ್ಲೇ. ಅವರು ಏನು ಮಾಡಿದರು, ಏಕೆ ಮಾಡಿದರು, ಇಂದಿನ ತರಗತಿಯಲ್ಲಿ ಅವರನ್ನು ಹೇಗೆ ಓದಬೇಕು ಎಂಬುದನ್ನು ತಿಳಿದಷ್ಟು ವಿವರಿಸುವುದು ಈ ಲೇಖನದ ಉದ್ದೇಶ.

ಆಲೂರರು ಹುಟ್ಟಿದ ಕಾಲದ ವಿಜಯಪುರ

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು. ಆಗ ಈ ಊರು ಬಿಜಾಪುರ, ಜಿಲ್ಲೆಯ ಹೆಸರು ಕಲಾದಗಿ. ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದು 1885ರಲ್ಲಿ.

ಕೈ ಬದಲಾಯಿಸುವುದು ಈ ಊರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರು, ಸೇವುಣರು, ಬಹಮನಿಗಳು, 1490ರಿಂದ ಆದಿಲ್‌ಶಾಹಿಗಳು, 1686ರಲ್ಲಿ ಔರಂಗಜೇಬ, ಆಮೇಲೆ ನಿಜಾಮ, ಪೇಶ್ವೆ. 1818ರಲ್ಲಿ ಪೇಶ್ವೆಯನ್ನು ಸೋಲಿಸಿದ ಇಂಗ್ಲಿಷರು ಈ ಭಾಗವನ್ನು ಸಾತಾರದ ರಾಜನಿಗೆ ಕೊಟ್ಟರು. 1848ರಲ್ಲಿ ಆ ರಾಜನಿಗೆ ಗಂಡು ಸಂತಾನವಿಲ್ಲವೆಂಬ ಕಾರಣ ಕೊಟ್ಟು ಇಡೀ ಸಂಸ್ಥಾನವನ್ನೇ ವಶಪಡಿಸಿಕೊಂಡರು.

ಹೊಸ ಆಡಳಿತ ಊರನ್ನು ಹೇಗೆ ನೋಡುತ್ತಿತ್ತು ಎಂಬುದಕ್ಕೆ ಒಂದು ಪ್ರಸಂಗ ಸಾಕು. 1854ರಲ್ಲಿ ಉಪಯೋಗಕ್ಕೆ ಬಾರದ ಹಳೆಯ ಸಾಮಾನನ್ನು ಮಾರಿಬಿಡಿ ಎಂದು ಸಾತಾರದ ಕಮಿಷನರನಿಂದ ಹುಕುಂ ಬಂತು. ಆ ಹಳೆಯ ಸಾಮಾನಿನ ಪಟ್ಟಿಯಲ್ಲಿ ಮಲಿಕ್-ಎ-ಮೈದಾನ್ ತೋಪೂ ಇತ್ತು. ಹರಾಜಿನಲ್ಲಿ ಬಂದ ಹೆಚ್ಚಿನ ಸವಾಲು 150 ರೂಪಾಯಿ! ಬೆಲೆ ತೀರ ಕಡಿಮೆ, ಜನರಿಗೆ ತೋಪಿನ ಮೇಲೆ ಭಕ್ತಿ ಬೇರೆ ಇದೆ ಎಂದು ಸ್ಥಳೀಯ ಅಧಿಕಾರಿಗಳು ಬರೆದ ಮೇಲೆ ಮಾರಾಟ ನಿಂತಿತು. ಅದರಿಂದಾಗಿ ಇಂದು ನಮ್ಮ ಮಕ್ಕಳು ಆ ತೋಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಆಲೂರರು ಹುಟ್ಟುವುದಕ್ಕೆ ಸ್ವಲ್ಪ ಮೊದಲು, 1876ರಿಂದ 1878ರವರೆಗೆ, ದೊಡ್ಡ ಬರ ಬಿತ್ತು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷದ ಒಳಗೆ ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಆ ವರ್ಷಗಳಲ್ಲೂ ಭಾರತದ ಬಂದರುಗಳಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಬರದ ನಡುವೆಯೇ, 1877ರ ಜನವರಿ 1ರಂದು, ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದರು. ಸಾಮ್ರಾಜ್ಯಶಾಹಿ ಎಂದರೇನೆಂದು ವಿಜಯಪುರ ಜಿಲ್ಲೆಯ ಮಕ್ಕಳಿಗೆ ಹೇಳಲು ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಹರಿದು ಹಂಚಿದ ನಾಡು, ಬೇರೆಯವರು ಬರೆದ ಇತಿಹಾಸ

ಸಾಮ್ರಾಜ್ಯಶಾಹಿ ತೆರಿಗೆ ಎತ್ತುವುದರಲ್ಲೇ ಮುಗಿಯುವುದಿಲ್ಲ. ಅದು ನಕ್ಷೆ ಬರೆಯುತ್ತದೆ, ಪಠ್ಯಪುಸ್ತಕವನ್ನೂ ಬರೆಯುತ್ತದೆ.

ಕನ್ನಡ ಮಾತಾಡುವ ಜನ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿ. ಮೈಸೂರು ಒಂದು ಕಡೆ, ಕೊಡಗು ಇನ್ನೊಂದು ಕಡೆ, ನಡುನಡುವೆ ಮುಧೋಳ, ಜಮಖಂಡಿ, ಸವಣೂರು, ಸಂಡೂರಿನಂಥ ಸಂಸ್ಥಾನಗಳು. ನಮ್ಮ ಭಾಗದ ಶಾಲೆ ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ ಆಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು.

ಇತಿಹಾಸದ ಸ್ಥಿತಿಯೂ ಹಾಗೆಯೇ ಇತ್ತು. 1817ರಲ್ಲಿ ಜೇಮ್ಸ್ ಮಿಲ್ ಎಂಬವನ ಬ್ರಿಟಿಷ್ ಇಂಡಿಯಾದ ಇತಿಹಾಸ ಅಚ್ಚಾಯಿತು. ಆತ ಭಾರತಕ್ಕೆ ಕಾಲಿಟ್ಟವನಲ್ಲ, ಇಲ್ಲಿಯ ಯಾವ ಭಾಷೆಯನ್ನೂ ಕಲಿತವನಲ್ಲ. ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಮೂರು ಭಾಗ ಮಾಡಿ, ಮೊದಲ ಎರಡು ಕತ್ತಲೆ, ಮೂರನೆಯದು ಬೆಳಕು ಎಂಬ ಭಾವನೆ ಹುಟ್ಟಿಸಿದ. ನನ್ನ ತರಗತಿಯಲ್ಲಿ ಮಕ್ಕಳ ಕಣ್ಣು ಕಿಟಕಿಯ ಕಡೆಗೆ ತಿರುಗಿತಲ್ಲ, ಅದರ ಬೇರು ಎಷ್ಟು ಹಳೆಯದೆಂದು ಇದನ್ನು ಓದಿದಾಗ ನನಗೆ ಹೊಳೆಯಿತು. ಧರ್ಮದ ಹೆಸರಿನಲ್ಲಿ ಕಾಲವನ್ನೇ ಹೋಳು ಮಾಡಿದರೆ, ಇಂದು ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳೂ ಬೇರೆ ಬೇರೆ ಹೋಳಿಗೆ ಸೇರಿದವರಂತೆ ಕಾಣುತ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಸರಕಾರದ ಅಧಿಕಾರಿಗಳೇ ನಮ್ಮ ಶಾಸನಗಳನ್ನು ಹುಡುಕಿ, ಓದಿ, ಅಚ್ಚು ಹಾಕಿದರು. ಮೈಸೂರು ಕಡೆ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನ ಪ್ರಕಟಿಸಿದರು. ಮುಂಬಯಿ ಪ್ರಾಂತ್ಯದ ಅಧಿಕಾರಿ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದರು. 1857ರಲ್ಲಿ ಆಯುಧ ಒಪ್ಪಿಸಿರೆಂಬ ಕಾಯ್ದೆಯ ವಿರುದ್ಧ ಸಿಡಿದೆದ್ದ ಹಲಗಲಿ ಬೇಡರ ಲಾವಣಿಯನ್ನು ಬರೆದಿಟ್ಟು, ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದವರೂ ಇದೇ ಫ್ಲೀಟ್. ಹಲಗಲಿಯನ್ನು ಸುಟ್ಟ ಸರಕಾರದ ಸಂಬಳ ತಿನ್ನುತ್ತಿದ್ದವರು ಹಲಗಲಿಯ ಹಾಡನ್ನು ಉಳಿಸಿದರು. ಹೀಗಾಗಿ ಇಂಗ್ಲಿಷರು ಬರೆದದ್ದೆಲ್ಲ ಸುಳ್ಳು ಎಂದು ಮಕ್ಕಳಿಗೆ ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ.

ಹಂಪಿಯಿಂದ ‘ಗತವೈಭವ’ದವರೆಗೆ

ಆಲೂರರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿ 1903ರಲ್ಲಿ ಬಿ.ಎ., ಮುಂಬಯಿಯಲ್ಲಿ 1905ರಲ್ಲಿ ಎಲ್ಎಲ್.ಬಿ. ಮುಗಿಸಿದರು. ಪುಣೆಯಲ್ಲಿ ಅವರ ಸುತ್ತ ಟಿಳಕರ ಗಾಳಿ ಬೀಸುತ್ತಿತ್ತು. ಮರಾಠಿ ಗೆಳೆಯರು ತಮ್ಮ ನಾಡಿನ ಇತಿಹಾಸವನ್ನು ಅಭಿಮಾನದಿಂದ ಹೇಳಿಕೊಳ್ಳುವಾಗ ಕನ್ನಡದ ಹುಡುಗರಿಗೆ ಹೇಳಿಕೊಳ್ಳಲು ಏನಿದೆ ಎಂಬ ಪ್ರಶ್ನೆ ಏಳುವಂಥ ವಾತಾವರಣ ಅದು.

1905ರ ಮೇ ತಿಂಗಳಲ್ಲಿ ಅವರು ಹಂಪಿಗೆ ಹೋದರು. ಹಾಳು ಬಿದ್ದ ಆ ರಾಜಧಾನಿಯನ್ನು ಕಂಡದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಅದೇ ವರ್ಷ ಬಂಗಾಳವನ್ನು ಕರ್ಜನ್ ಇಬ್ಭಾಗ ಮಾಡಿದ. ಎರಡು ಹೋಳಾದದ್ದಕ್ಕೇ ಬಂಗಾಳಿಗಳು ಬೀದಿಗಿಳಿದಿರುವಾಗ, ಇಷ್ಟೊಂದು ಹೋಳಾದ ಕನ್ನಡಿಗರು ಸುಮ್ಮನಿರುವುದೇಕೆ ಎಂಬ ಪ್ರಶ್ನೆ ಆ ಕಾಲದ ಕನ್ನಡದ ತರುಣರನ್ನು ಕಾಡಿತು.

ಧಾರವಾಡದಲ್ಲಿ ವಕೀಲಿ ಹಿಡಿದರೂ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆಯ ಸಂಪಾದಕರಾದರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆ ಬರೆದರು. 1914ರಲ್ಲಿ ಧಾರವಾಡದಲ್ಲಿ ಇತಿಹಾಸ ಸಂಶೋಧನೆಗಾಗಿ ಮಂಡಲ ಕಟ್ಟುವುದರಲ್ಲಿ, 1915ರಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗುವುದರಲ್ಲಿ ಕೈಗೂಡಿಸಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ಮಿಲ್‌ನ ಪುಸ್ತಕ ಬಂದು ಸರಿಯಾಗಿ ನೂರು ವರ್ಷವಾಗಿತ್ತು. 1922ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆ ಆರಂಭಿಸಿದರು. ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. 1930ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದದ್ದನ್ನು ಕಣ್ಣಾರೆ ಕಂಡು, 1964ರ ಫೆಬ್ರುವರಿ 25ರಂದು ತೀರಿಕೊಂಡರು. ಜನ ಅವರನ್ನು ಕನ್ನಡದ ಕುಲಪುರೋಹಿತರೆಂದು ಕರೆದರು.

‘ಗತವೈಭವ’ ಹೊಸ ಶಾಸನ ಶೋಧಿಸಿದ ಪುಸ್ತಕವಲ್ಲ. ಫ್ಲೀಟ್, ರೈಸ್, ಭಾಂಡಾರಕರ್ ಮೊದಲಾದವರು ಇಂಗ್ಲಿಷಿನಲ್ಲಿ ವಿದ್ವಾಂಸರಿಗಾಗಿ ಅಚ್ಚು ಹಾಕಿದ ಬಗೆಯ ಸಾಮಗ್ರಿಯನ್ನು ಒಟ್ಟುಮಾಡಿ, ಬನವಾಸಿ, ಬಾದಾಮಿ, ಮಾನ್ಯಖೇಟ, ಕಲ್ಯಾಣ, ದ್ವಾರಸಮುದ್ರ, ವಿಜಯನಗರಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಇವೆಲ್ಲ ಒಂದೇ ನಾಡಿನ ಕಥೆ ಎಂದು ಕನ್ನಡದಲ್ಲಿ ಹೇಳಿದ್ದು ಆಲೂರರ ಕೆಲಸ. ಆಡಳಿತ ನಡೆಸುವವರು ಕೂಡಿಸಿಟ್ಟ ಸಾಕ್ಷ್ಯವನ್ನೇ ಹಿಡಿದು ಆ ಆಡಳಿತಕ್ಕೆ ಉತ್ತರ ಕೊಟ್ಟರು. ನಿಮಗೆ ಇತಿಹಾಸವಿಲ್ಲ ಎಂದವರಿಗೆ ಇದೋ ನೋಡಿ ಎಂದು ತೋರಿಸಿದರು. ಆ ಪುಸ್ತಕ ಓದಿದ ತಲೆಮಾರು ಮುಂದೆ ಏಕೀಕರಣಕ್ಕೆ ದುಡಿಯಿತು.

ಒಬ್ಬ ಇತಿಹಾಸಕಾರನ ಮಿತಿ

ಆಲೂರರು ಒಂದು ಕಾಯಿಲೆಗೆ ಔಷಧ ಕೊಟ್ಟರು. ಆ ಕಾಯಿಲೆ ಕೀಳರಿಮೆ. ಆದರೆ ಒಂದು ಕಾಲಕ್ಕೆ ಕೊಟ್ಟ ಔಷಧವನ್ನು ಎಲ್ಲ ಕಾಲಕ್ಕೂ ಅದೇ ಪ್ರಮಾಣದಲ್ಲಿ ಕೊಡಲಾಗದು. ನನ್ನ ತರಗತಿಯ ಎರಡು ಪ್ರಶ್ನೆಗಳು ಅವರ ಪುಸ್ತಕದ ಎರಡು ಮಿತಿಗಳನ್ನು ಮುಟ್ಟುತ್ತವೆ.

ಮೊದಲನೆಯದು, ವೈಭವ ಯಾರ ಕಣ್ಣಿನಿಂದ ಎಂಬುದು. ಉದಾಹರಣೆಗೆ ಬಾದಾಮಿಯನ್ನೇ ತೆಗೆದುಕೊಳ್ಳೋಣ. ಒಂದನೇ ಪುಲಿಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿಯ ಬಂಡೆಯ ಮೇಲಿದೆ, ಕಾಲ ಕ್ರಿ.ಶ. 543. ಇಮ್ಮಡಿ ಪುಲಿಕೇಶಿಯ ವಿಜಯಗಳನ್ನು ರವಿಕೀರ್ತಿ ಹೊಗಳಿದ್ದು 634ರ ಐಹೊಳೆ ಶಾಸನದಲ್ಲಿ. ಕೆಲವೇ ವರ್ಷಗಳಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದು, ಅದೇ ಊರಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಕಂಚಿಯವರಿಗೆ ಅದು ವೈಭವ, ಬಾದಾಮಿಯವರಿಗೆ ಅದು ಬೆಂಕಿ. ಪುಲಿಕೇಶಿ ಗೆದ್ದ ಊರುಗಳ ಜನರಿಗೂ ಹಾಗೆಯೇ ಆಗಿರಬೇಕಲ್ಲ. ಆ ಜನರ ಶಾಸನ ನಮಗೆ ಸಿಗುವುದಿಲ್ಲ. ಕಲ್ಲು ಕೊರೆಸುವ ಶಕ್ತಿ ಇದ್ದದ್ದು ಗೆದ್ದವರಿಗೆ.

ಎರಡನೆಯದು, ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದು. ಆಲೂರರ ಕಥನದ ನಡುಮನೆ ಚಾಲುಕ್ಯರಿಂದ ವಿಜಯನಗರದವರೆಗಿನದು. ಅವರು ಹುಟ್ಟಿದ ಊರಿನ ಆದಿಲ್‌ಶಾಹಿಗಳಿಗೆ ಅದರಲ್ಲಿ ಸರಿಸಮಾನ ಸ್ಥಾನವಿಲ್ಲ. ಹಂಪಿಯನ್ನು ಹಾಳುಗೆಡವಿದ 1565ರ ಯುದ್ಧ ನಡೆದದ್ದು ನಮ್ಮ ಜಿಲ್ಲೆಯ ರಕ್ಕಸಗಿ-ತಂಗಡಗಿ ಭಾಗದಲ್ಲಿ, ಗೆದ್ದವರಲ್ಲಿ ಬಿಜಾಪುರವೂ ಒಂದು. ಹೀಗಾಗಿ ಹಂಪಿಯಲ್ಲಿ ಮರುಗಿದವರಿಗೆ ಬಿಜಾಪುರ ಎದುರಾಳಿಯಾಗಿ ಕಂಡದ್ದು ಸಹಜ. ಆದರೆ ಅದಕ್ಕೆ ಕೆಲವೇ ವರ್ಷ ಮೊದಲು ಇದೇ ಅಲಿ ಆದಿಲ್‌ಶಾಹ ರಾಮರಾಯನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಅವನ ನಂತರ ಬಂದ ಎರಡನೇ ಇಬ್ರಾಹಿಂ ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು, ಜಗದ್ಗುರು ಎನಿಸಿಕೊಂಡವನು. ರಾಜರ ಜಗಳ ರಾಜ್ಯಕ್ಕಾಗಿ, ಕಪ್ಪಕ್ಕಾಗಿ. ಅದನ್ನು ಬರಿ ಎರಡು ಧರ್ಮಗಳ ಕಾಳಗವೆಂದು ಓದುವುದು ಮಿಲ್ ಹಾಕಿಕೊಟ್ಟ ಮೂರು ಹೋಳಿನ ಲೆಕ್ಕಕ್ಕೆ ಮರಳಿದಂತೆ. ಸಾಮ್ರಾಜ್ಯಶಾಹಿಯನ್ನು ವಿರೋಧಿಸುವಾಗಲೂ ನಾವು ಅದರ ಚೌಕಟ್ಟಿನೊಳಗೇ ಯೋಚಿಸುತ್ತಿರಬಹುದು.

ಆಲೂರರಷ್ಟೇ ದೊಡ್ಡ ಇನ್ನೊಂದು ಹೆಸರು ಇಲ್ಲಿ ನೆನಪಾಗುತ್ತದೆ. ಫ.ಗು. ಹಳಕಟ್ಟಿಯವರೂ 1880ರ ಜುಲೈ ತಿಂಗಳಲ್ಲೇ, ಆಲೂರರಿಗಿಂತ ಹತ್ತು ದಿನ ಮೊದಲು ಹುಟ್ಟಿದರು. ಅವರೂ ವಕೀಲರು, ತೀರಿಕೊಂಡದ್ದೂ 1964ರಲ್ಲೇ. ವಿಜಯಪುರದಲ್ಲಿ ಹುಟ್ಟಿದ ಆಲೂರರು ಧಾರವಾಡದಲ್ಲಿ ದುಡಿದರೆ, ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಯಪುರದಲ್ಲಿ ದುಡಿದರು. ಒಬ್ಬರು ರಾಜರ ಶಾಸನಗಳಿಂದ ನಾಡನ್ನು ಕಟ್ಟಿದರು. ಇನ್ನೊಬ್ಬರು ತಾಳೆಗರಿಗಳಿಂದ ವಚನಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದು, ಅಂಬಿಗರು, ಮಾದಾರರು, ಮಡಿವಾಳರು ತಮ್ಮ ಬಾಯಿಂದ ಆಡಿದ ಮಾತನ್ನು ನಮ್ಮ ಮುಂದಿಟ್ಟರು. ಇಬ್ಬರನ್ನೂ ಒಟ್ಟಿಗೆ ಇಟ್ಟು ಓದಿದರೆ ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಸಿಗುತ್ತದೆ.

ತರಗತಿಗೆ ಮರಳಿ

ಮುಂದಿನ ವಾರ ಅದೇ ತರಗತಿಗೆ ಹೋದೆ. ಮೊದಲ ಮಾತಾಗಿ, ಹೋದ ಸಲ ನಾನು ಕೊಟ್ಟ ಉತ್ತರ ಸರಿಯಿರಲಿಲ್ಲ ಎಂದು ಹೇಳಿದೆ. ಹೇಳುವಾಗ ಸಂಕೋಚವಾಯಿತು, ಆದರೆ ಮಕ್ಕಳು ಸೆಟೆದು ಕುಳಿತರು.

ವಿಜ್ಞಾನದ ಪ್ರಯೋಗದಲ್ಲಿ ವೀಕ್ಷಣೆಯೇ ಬೇರೆ, ತೀರ್ಮಾನವೇ ಬೇರೆ. ತಾಪಮಾಪಕ ತೋರಿಸಿದ ಅಂಕಿ ವೀಕ್ಷಣೆ, ಅದರಿಂದ ನಾವು ತೆಗೆಯುವುದು ತೀರ್ಮಾನ. ಇತಿಹಾಸದಲ್ಲೂ ಹೀಗೆ ಮಾಡೋಣ ಎಂದು, ಯಾವ ರಾಜ್ಯಕ್ಕಾದರೂ ಕೇಳಬಹುದಾದ ನಾಲ್ಕು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

1. ಗೆದ್ದವರು ಎಲ್ಲಿ ಕುಳಿತು ಆಳಿದರು?
2. ರೈತರಿಂದ ಎತ್ತಿದ ಹಣ ಎಲ್ಲಿ ಖರ್ಚಾಯಿತು?
3. ಆಡಳಿತದ ಭಾಷೆ ಯಾವುದು, ದೊಡ್ಡ ಹುದ್ದೆ ಯಾರಿಗೆ ಸಿಗುತ್ತಿತ್ತು?
4. ಅವರ ಬಗ್ಗೆ ಬರೆದವರು ಯಾರು, ಯಾರ ಮಾತು ಸಿಗುವುದಿಲ್ಲ?

ಮೂರು ಗುಂಪು ಮಾಡಿ ಚಾಲುಕ್ಯರು, ಆದಿಲ್‌ಶಾಹಿಗಳು, ಇಂಗ್ಲಿಷರು ಎಂದು ಹಂಚಿದೆ. ಗುಂಪು ಮಾಡುವಾಗ ಹೆಸರು, ಬೆಂಚು ನೋಡದೆ ಹಾಜರಿ ಸಂಖ್ಯೆಯ ಪ್ರಕಾರ ಮಾಡಿದೆ. ಬೇಕಾದ ಮಾಹಿತಿಯನ್ನು ಚೀಟಿಗಳಲ್ಲಿ ಬರೆದು ಕೊಟ್ಟಿದ್ದೆ.

ಚಾಲುಕ್ಯರ ಗುಂಪು, ದುಡ್ಡು ಬಾದಾಮಿ, ಪಟ್ಟದಕಲ್ಲಿನ ಗುಡಿಗಳಲ್ಲಿ ಕಾಣುತ್ತದೆ, ಆದರೆ ಸೋತವರ ಮಾತು ಸಿಗುವುದಿಲ್ಲ ಎಂದಿತು. ಆದಿಲ್‌ಶಾಹಿ ಗುಂಪಿನ ಹುಡುಗಿಯೊಬ್ಬಳು, “ಅವ್ರು ಇಲ್ಲೇ ಇದ್ರು, ಇಲ್ಲೇ ಸತ್ರು, ಗೋಳಗುಮ್ಮಟದಾಗ ಅದಾರ್ರಿ” ಎಂದಳು. ಅದೇ ಗುಂಪಿನ ಇನ್ನೊಬ್ಬ, “ಗುಮ್ಮಟ ಕಟ್ಟಾಕ ರೊಕ್ಕ ಎಲ್ಲಿಂದ ಬಂತು? ಅವ್ರೂ ಬ್ಯಾರೇ ಊರು ಲೂಟಿ ಮಾಡ್ಯಾರ” ಎಂದ. ಎರಡೂ ಮಾತು ಸರಿ. ಹದಿನೇಳನೇ ಶತಮಾನದಲ್ಲಿ ಆದಿಲ್‌ಶಾಹಿ ಸೈನ್ಯ ಇಕ್ಕೇರಿ, ಬೆಂಗಳೂರಿನವರೆಗೆ ಹೋಗಿತ್ತು. ಎರಡನ್ನೂ ಬರೆದುಕೊಳ್ಳಲು ಹೇಳಿದೆ. ಇಂಗ್ಲಿಷರ ಗುಂಪು ಬರದ ಚೀಟಿಯನ್ನೂ ತೋಪಿನ ಚೀಟಿಯನ್ನೂ ಓದಿತು. ರಾಣಿ ಇದ್ದದ್ದು ಲಂಡನ್ನಿನಲ್ಲಿ, ಕಾಯ್ದೆ ಬರುತ್ತಿದ್ದದ್ದು ಅಲ್ಲಿಂದ, ಸಂಬಳ, ಪಿಂಚಣಿ, ಬಡ್ಡಿಯೆಂದು ಪ್ರತಿವರ್ಷ ಹಣ ಹೋಗುತ್ತಿದ್ದದ್ದೂ ಅಲ್ಲಿಗೆ. ಇದನ್ನೇ ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆ ಎಂದು ಲೆಕ್ಕ ಹಾಕಿ ತೋರಿಸಿದ್ದರು.

ಆಗ ವ್ಯತ್ಯಾಸ ತಾನಾಗಿ ಕಾಣಿಸಿತು. ಹಳೆಯ ಸಾಮ್ರಾಜ್ಯಗಳಲ್ಲೂ ಯುದ್ಧ, ಸುಲಿಗೆ, ಕಪ್ಪ ಇದ್ದವು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ರಾಜರು ಇಲ್ಲಿಯೇ ಬಾಳಿದರು, ಎತ್ತಿದ ಹಣದ ಬಹುಪಾಲು ಇಲ್ಲಿಯೇ ತಿರುಗಿತು. ಸಾಮ್ರಾಜ್ಯಶಾಹಿ ಬೇರೊಂದು ಬಗೆ. ಅದು ಒಂದು ಇಡೀ ದೇಶದ ದುಡಿಮೆಯನ್ನು ದೂರದ ಇನ್ನೊಂದು ದೇಶದ ಅನುಕೂಲಕ್ಕಾಗಿ ಜೋಡಿಸುವ ವ್ಯವಸ್ಥೆ. ಒಳಗಿನವರು, ಹೊರಗಿನವರು ಎಂಬುದನ್ನು ಹುಟ್ಟು, ಧರ್ಮ ನೋಡಿ ಹೇಳುವುದಕ್ಕಿಂತ ಈ ನಾಲ್ಕು ಪ್ರಶ್ನೆಗಳ ಉತ್ತರ ನೋಡಿ ಹೇಳುವುದು ಮೇಲು.

ನಾಲ್ಕನೇ ಪ್ರಶ್ನೆಗೆ ಮಕ್ಕಳು ನನಗಿಂತ ಮುಂದೆ ಹೋದರು. ಬಡವರ ಇತಿಹಾಸ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಕನ್ನಡ ಪಾಠದ ಹಲಗಲಿ ಲಾವಣಿ ಎಂದರು ಕೆಲವರು. ಒಬ್ಬ, “ಅಮೋಘಸಿದ್ಧನ ಡೊಳ್ಳಿನ ಪದದಾಗ ಸಿಗತೈತ್ರಿ, ನಮ್ಮಜ್ಜ ಹಾಡ್ತಾನ” ಎಂದ. ಅರಕೇರಿಯ ಜನ ತಲೆತಲಾಂತರದಿಂದ ಕೇಳಿಕೊಂಡು ಬಂದ ಪದ ಅದು. ಅದನ್ನೂ ಮೂಲಾಧಾರಗಳ ಪಟ್ಟಿಗೆ ಸೇರಿಸಿದೆವು. ಪದದಲ್ಲಿರುವುದೆಲ್ಲ ನಡೆದದ್ದೇ ಎಂದಲ್ಲ. ಶಾಸನದಲ್ಲಿರುವುದೂ ಹಾಗೆಯೇ. ಎರಡನ್ನೂ ಕೇಳಿ, ತೂಗಿ ನೋಡಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

ಈ ಅನುಭವದಿಂದ ನಾನು ಕಲಿತದ್ದು ಇಷ್ಟು. ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ಓದಿಕೊಂಡು ಬರುತ್ತೇನೆ’ ಎನ್ನುವುದರಲ್ಲಿ ಅವಮಾನವಿಲ್ಲ. ಗೊತ್ತಿಲ್ಲದೆ ಕೊಟ್ಟ ಉತ್ತರ ಮಾತ್ರ ತರಗತಿಯ ಯಾರಾದರೊಬ್ಬರ ತಲೆ ತಗ್ಗಿಸಬಹುದು. ಎರಡನೆಯದಾಗಿ, ‘ನಾವು’, ‘ನಮ್ಮವರು’ ಎಂಬ ಪದಗಳನ್ನು ಇತಿಹಾಸದ ಪಾಠದಲ್ಲಿ ಬಳಸುವ ಮುನ್ನ, ಎದುರಿಗೆ ಕುಳಿತ ಎಲ್ಲ ಮಕ್ಕಳೂ ಅದರೊಳಗೆ ಬರುತ್ತಾರೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಮೂರನೆಯದಾಗಿ, ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಮಗುವಿಗೆ ತೋಪು, ಗುಮ್ಮಟ, ಬಾದಾಮಿಯ ಬಂಡೆ, ತಂಗಡಗಿ ಎಲ್ಲವೂ ಒಂದು ದಿನದ ದಾರಿಯಲ್ಲಿವೆ.

ಆಲೂರರ ಬಗ್ಗೆ ಕೊನೆಯದಾಗಿ ಒಂದು ಮಾತು. ಅವರ ಮಿತಿಯನ್ನು ಹೇಳಿದ್ದು ಅವರನ್ನು ಕಡಿಮೆ ಮಾಡಲು ಅಲ್ಲ. ನವೆಂಬರ್ 1ರಂದು ಫೋಟೊಕ್ಕೆ ಹೂವಿನ ಹಾರ ಹಾಕಿ, ಅವರು ಬರೆದದ್ದನ್ನು ಓದದೆ ಇರುವುದು ಅವರನ್ನು ಕಡಿಮೆ ಮಾಡಿದಂತೆ. ನಮ್ಮ ಇತಿಹಾಸವನ್ನು ನಾವೇ ಕೇಳಿ ಬರೆಯಬೇ‌ಕು ಎಂದು ಅವರು ತೋರಿಸಿಕೊಟ್ಟರು. ಅವರು ಕೇಳದೆ ಬಿಟ್ಟದ್ದನ್ನು ಕೇಳುವ ಧೈರ್ಯ ಅರಕೇರಿಯ ಆ ಹುಡುಗರಿಗೆ ಇತ್ತು.

ಎರಡನೇ ಪಾಠದ ಕೊನೆಗೆ ಮೌಲ್ಯಮಾಪನವಾಗಿ ‘ಸಾಮ್ರಾಜ್ಯ ಮತ್ತು ಸಾಮ್ರಾಜ್ಯಶಾಹಿಗೆ ಇರುವ ವ್ಯತ್ಯಾಸವೇನು?’ ಎಂಬ ಪ್ರಶ್ನೆ ಕೊಟ್ಟಿದ್ದೆ. ಕಿಟಕಿಯ ಬದಿಗೆ ಕುಳಿತಿದ್ದ ಮೂವರಲ್ಲಿ ಒಬ್ಬಳು ಎರಡು ಪುಟ ಬರೆದಿದ್ದಳು. ‘ಸಾಮ್ರಾಜ್ಯಶಾಹಿ’ ಎಂಬುದನ್ನು ನಾಲ್ಕು ಕಡೆಯೂ ‘ಸಾಮ್ರಾಜ್ಯಶಾಯಿ’ ಎಂದೇ ಬರೆದಿದ್ದಳು. ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿದೆ, ಅಂಕ ಕಡಿಮೆ ಮಾಡಲಿಲ್ಲ.